ಜೋಳದ ಹೊಲಕ್ಕೆ ಬಿದ್ದ ಸೈಲೆನ್ಸರ್

ಪುಣೆಯಲ್ಲಿ ಮಾದರಿ ವಿಮಾನ ಹಾರಿಸಲು ಆರಂಭಿಸಿದ ಎರಡನೆಯ ವರ್ಷ, ಸೋಲಾಪುರ ರಸ್ತೆಯ ಆಚೆ ಹೊಲದವರ ಒಪ್ಪಿಗೆ ಪಡೆದು ನಾವು ಬಳಸುತ್ತಿದ್ದ ಬಯಲಿನಲ್ಲಿ, ನನ್ನ ತರಬೇತಿ ವಿಮಾನದ ಸೈಲೆನ್ಸರ್ ಹಾರಾಟದ ನಡುವೆಯೇ ಕಳಚಿಕೊಂಡು ಪಕ್ಕದ ಜೋಳದ ಹೊಲಕ್ಕೆ ಬಿತ್ತು. ಶಬ್ದ ಒಮ್ಮೆಲೇ ಕರ್ಕಶವಾಯಿತು, ಕೆಲವೇ ಕ್ಷಣಗಳಲ್ಲಿ ಎಂಜಿನ್ ನಿಂತಿತು. ವಿಮಾನವನ್ನು ಹೇಗೋ ಇಳಿಸಿದೆ. ಆಳೆತ್ತರದ ಜೋಳದಲ್ಲಿ ಎಷ್ಟು ಹುಡುಕಿದರೂ ಸೈಲೆನ್ಸರ್ ಸಿಗಲಿಲ್ಲ. ಸುಗ್ಗಿಯಾದ ಮೇಲೆ ಹೊಲದವರೇ ಅದನ್ನು ತಂದುಕೊಟ್ಟರು. ಈಗ ಅದು ನನ್ನ ಮೇಜಿನ ಮೇಲೆ ಕಾಗದಗಳು ಹಾರದಂತೆ ಕಾಯುತ್ತಿದೆ.

ಅದು 7.5 ಸಿಸಿಯ ಗ್ಲೋ ಎಂಜಿನ್ ಆಗಿತ್ತು, ಅಂದರೆ ಕಿಡಿಯ ಬದಲು ಕಾದು ಹೊಳೆಯುವ ತಂತಿಸುರುಳಿಯಿಂದ ಇಂಧನ ಹೊತ್ತಿಸುವಂಥದ್ದು. ಈ ಬಗೆಯ ಎಂಜಿನ್‌ಗಳಲ್ಲಿ ಸೈಲೆನ್ಸರ್‌ನಿಂದ ಇಂಧನದ ಟ್ಯಾಂಕಿಗೆ ಒಂದು ಸಣ್ಣ ನಳಿಕೆ ಹೋಗುತ್ತದೆ. ಹೊಗೆಯ ಒತ್ತಡವು ಇಂಧನವನ್ನು ಕಾರ್ಬ್ಯುರೇಟರಿನ ಕಡೆಗೆ ತಳ್ಳಲು ನೆರವಾಗುತ್ತದೆ. ಸೈಲೆನ್ಸರ್ ಪೂರ್ತಿ ಕಳಚಬೇಕಾಗಿಲ್ಲ, ಜೋಡಣೆಯಲ್ಲಿ ಸೋರಿಕೆಯಾದರೂ ಈ ಒತ್ತಡ ಇಳಿದು ಮಿಶ್ರಣದಲ್ಲಿ ಇಂಧನ ಕಡಿಮೆಯಾಗುತ್ತದೆ. ಗ್ಲೋ ಇಂಧನದಲ್ಲಿ ಎಣ್ಣೆಯೂ ಬೆರೆತಿರುವುದರಿಂದ ಜಾರುಣಿಕೆಯೂ ಅಷ್ಟೇ ಕಡಿಮೆಯಾಗಿ ಎಂಜಿನ್ ಮಿತಿಮೀರಿ ಕಾಯುತ್ತದೆ. ಹಿಂದಿನ ಮೂರು ವಾರ ನನ್ನ ಎಂಜಿನ್ ವಿನಾಕಾರಣ ಬಿಸಿಯಾಗುತ್ತಿದೆ ಎಂದುಕೊಂಡು ನಾನು ಇಂಧನದ ಹರಿವನ್ನು ಹೊಂದಿಸುವ ಸೂಜಿಕವಾಟವನ್ನೇ ತಿರುಗಿಸುತ್ತ ಕುಳಿತಿದ್ದೆ. ಸೈಲೆನ್ಸರ್‌ನ ಬುಡದಲ್ಲಿ ಪ್ರತಿದಿನ ಕಾಣಿಸುತ್ತಿದ್ದ ಕಪ್ಪು ಎಣ್ಣೆಯ ಗೆರೆಯನ್ನು ಮಾತ್ರ ಒರೆಸಿ ಸುಮ್ಮನಾಗುತ್ತಿದ್ದೆ.

ಬೋಲ್ಟ್ ಏಕೆ ಸಡಿಲವಾಗುತ್ತದೆ ಎಂಬುದಕ್ಕೆ ಎಲ್ಲರೂ ಅದುರುವಿಕೆಯ ಹೆಸರು ಹೇಳುತ್ತಾರೆ. ಅದು ಅರ್ಧ ಕಾರಣ ಮಾತ್ರ. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎಂಜಿನ್ ಕಾದಾಗ ಸೈಲೆನ್ಸರ್‌ನ ಅಲ್ಯೂಮಿನಿಯಂ ಉಬ್ಬಿ ಉಕ್ಕಿನ ಬೋಲ್ಟನ್ನು ಎಳೆಯುತ್ತದೆ. ಆ ಹೆಚ್ಚುವರಿ ಬಿಗಿಗೆ, ಸೋರದಂತೆ ಜೋಡಣೆಯ ನಡುವೆ ಇಡುವ ಗ್ಯಾಸ್ಕೆಟ್ ಮತ್ತು ಬೋಲ್ಟ್‌ನ ತಲೆಯ ಕೆಳಗಿನ ಮೆತ್ತಗಿನ ಲೋಹ ಸ್ವಲ್ಪ ಜಜ್ಜಿಹೋಗುತ್ತವೆ. ತಣ್ಣಗಾದ ಮೇಲೆ ಎಲ್ಲವೂ ಕುಗ್ಗಿದಾಗ ಮೊದಲಿನ ಬಿಗಿ ಉಳಿಯುವುದಿಲ್ಲ. ಅದುರುವಿಕೆ ಕೆಲಸ ಆರಂಭಿಸುವುದು ಅನಂತರವೇ. ಹಾಗಾಗಿ ಇನ್ನಷ್ಟು ಬಲ ಹಾಕಿ ಬಿಗಿಯುವುದು ಉಪಾಯವಲ್ಲ. ಹಾಗೆ ಮಾಡಲು ಹೋಗಿ ನಾನು ಒಂದು ಎಂಜಿನ್ನಿನ ಬೋಲ್ಟ್ ರಂಧ್ರದೊಳಗಿನ ತಿರುಪುಗೆರೆಗಳನ್ನೇ ಕಿತ್ತುಕೊಂಡಿದ್ದೇನೆ.

ಈಗ ಮಾಡುವುದು ಹೀಗೆ. ಮೆತ್ತಗಿನ ಕಾಗದದ ಗ್ಯಾಸ್ಕೆಟನ್ನು ತೆಗೆದುಹಾಕಿ, ದಪ್ಪ ಗಾಜಿನ ಮೇಲೆ ನುಣುಪು ಎಮರಿ ಕಾಗದವಿಟ್ಟು ಸೈಲೆನ್ಸರ್‌ನ ಮುಖವನ್ನು ಸಮತಟ್ಟಾಗುವವರೆಗೆ ಉಜ್ಜುತ್ತೇನೆ. ಎರಡೂ ಮುಖಗಳ ಎಣ್ಣೆಯನ್ನು ತಿನ್ನರ್‌ನಿಂದ ಒರೆಸಿ, ಹೆಚ್ಚು ಶಾಖ ತಡೆಯುವ ಸಿಲಿಕೋನ್ ಸೀಲಂಟನ್ನು ತೆಳ್ಳಗೆ ಸವರಿ, ಒಂದು ಹಗಲು ಒಂದು ರಾತ್ರಿ ಒಣಗಲು ಬಿಡುತ್ತೇನೆ. ಬೋಲ್ಟ್‌ಗಳನ್ನು ಮೊದಲಿಗಿಂತ ಉದ್ದದವನ್ನಾಗಿ ಆರಿಸಿ, ತಲೆಯ ಕೆಳಗೆ ಲೇತ್‌ನಲ್ಲಿ ಮಾಡಿಸಿದ ಸಣ್ಣ ಉಕ್ಕಿನ ಬುಶ್, ಅಂದರೆ ಕೊಳವೆಯಂಥ ಬಳೆ, ಹಾಕುತ್ತೇನೆ. ಉದ್ದನೆಯ ಬೋಲ್ಟ್ ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗಬಲ್ಲದಾದ್ದರಿಂದ ಬಿಗಿ ಉಳಿಯುತ್ತದೆ. ಮೊದಲ ನಾಲ್ಕೈದು ಓಟಗಳಾದ ಮೇಲೆ ಪ್ರತಿ ಸಲ ಕೈ ಮುಟ್ಟುವಷ್ಟು ತಣಿದಾಗ ಅಲೆನ್ ಕೀಯಿಂದ ಪರೀಕ್ಷಿಸುತ್ತೇನೆ. ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟಾದ ಸಾಮಾನ್ಯ ನೀಲಿ ತ್ರೆಡ್‌ಲಾಕರ್ ಸುಮಾರು 150ರಿಂದ 180 ಡಿಗ್ರಿಯ ಆಚೆ ಹಿಡಿತ ಕಳೆದುಕೊಳ್ಳುವುದರಿಂದ ಹೊಗೆದಾರಿಯ ಬೋಲ್ಟ್‌ಗೆ ಅದನ್ನು ನೆಚ್ಚುವುದಿಲ್ಲ. ಬೋಲ್ಟ್‌ನ ತಲೆಗೆ ಅಡ್ಡ ರಂಧ್ರ ಕೊರೆದು ಸ್ಟೇನ್‌ಲೆಸ್ ತಂತಿಯಿಂದ ಒಂದನ್ನೊಂದು ಕಟ್ಟುತ್ತೇನೆ. ಒಂದು ಬಿಚ್ಚಿಕೊಳ್ಳಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ದಿಕ್ಕಿಗೆ ಎಳೆಯುವಂತೆ ಕಟ್ಟಬೇಕು. ದೊಡ್ಡ ವಿಮಾನಗಳಲ್ಲಿಯೂ ಇದೇ ಪದ್ಧತಿ ಇದೆ.

ಇಷ್ಟು ಕಲಿತೆನೆಂಬ ಧೈರ್ಯದಿಂದ 50 ಸಿಸಿಯ ಪೆಟ್ರೋಲ್ ಎಂಜಿನ್ನಿಗೆ ಬಂದಾಗ ಬೇರೆಯೇ ಪಾಠ ಕಾದಿತ್ತು. ಇದರಲ್ಲಿ ಹೊಗೆಯನ್ನು ಹೊರತರುವ ಸ್ಟೇನ್‌ಲೆಸ್ ಹೆಡರ್ ನಳಿಕೆಯು ಎಂಜಿನ್ನಿನಿಂದ ಹಿಂದಕ್ಕೆ ಬಂದು, ವಿಮಾನದ ಹೊಟ್ಟೆಯ ಸುರಂಗದಲ್ಲಿ ಮಲಗಿರುವ, ಸೈಲೆನ್ಸರ್‌ನ ಕೆಲಸ ಮಾಡುವ ಅಲ್ಯೂಮಿನಿಯಂ ಕ್ಯಾನಿಸ್ಟರನ್ನು ಸೇರುತ್ತದೆ. ಅಲುಗಾಡಬಾರದೆಂದು ಕ್ಯಾನಿಸ್ಟರಿನ ಹಿಂತುದಿಯನ್ನು ಅಲ್ಯೂಮಿನಿಯಂ ಪಟ್ಟಿಯಿಂದ ಪ್ಲೈವುಡ್ಡಿಗೆ ಭದ್ರವಾಗಿ ತಿರುಪು ಹಾಕಿ ಬಿಗಿದಿದ್ದೆ. ಹತ್ತು ಹನ್ನೆರಡು ಹಾರಾಟಗಳಲ್ಲಿ ಹೆಡರ್ ಬುಡದ ಬೆಸುಗೆಯಲ್ಲಿ ಬಿರುಕು ಬಿಟ್ಟಿತು. ಭೋಸರಿಯಲ್ಲಿ ಆರ್ಗನ್ ವೆಲ್ಡಿಂಗ್ ಮಾಡುವ ವಿಜಯಪುರ ಕಡೆಯ ಹಿರಿಯರೊಬ್ಬರಲ್ಲಿಗೆ ಒಯ್ದೆ. ಅವರು ಅದನ್ನು ಒಮ್ಮೆ ತಿರುವಿ ನೋಡಿ, “ಎರಡೂ ಕಡೆ ಬಿಗಿ ಹಿಡದ್ರ ನಡುವ ಎಲ್ಲ್ಯಾರ ಒಡೀಬೇಕಲ್ರಿ ಸಾಹೇಬ್ರ” ಎಂದರು. ವಿಮಾನವನ್ನು ಅವರು ನೋಡಿರಲೇ ಇಲ್ಲ.

ಲೆಕ್ಕ ಹಾಕಿದರೆ ಅವರ ಮಾತು ಸರಿಯಾಗಿತ್ತು. ನಿಮಿಷಕ್ಕೆ 6,500 ಸುತ್ತಿನಲ್ಲಿ ಎಂಜಿನ್ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರುತ್ತದೆ, ಆದರೆ ಮರದ ದೇಹ ಅದರ ತಾಳಕ್ಕೆ ಕುಣಿಯುವುದಿಲ್ಲ. ಜೊತೆಗೆ 40 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ 150 ಡಿಗ್ರಿ ಹೆಚ್ಚು ಕಾದರೆ ಸುಮಾರು 1.4 ಮಿಲಿಮೀಟರ್ ಹಿಗ್ಗುತ್ತದೆ. ಆ ಹಿಗ್ಗಿಗೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ. ಹೊಗೆದಾರಿ ಎಂಜಿನ್ನಿಗೆ ಸೇರಿದ ಅಂಗ, ವಿಮಾನದ ದೇಹಕ್ಕೆ ಸೇರಿದ್ದಲ್ಲ ಎಂದು ಅಂದಿನಿಂದ ತಿಳಿದುಕೊಂಡಿದ್ದೇನೆ. ಹೆಡರ್ ಎಂಜಿನ್ನಿಗೆ ಗಟ್ಟಿಯಾಗಿ ಕೂರಬೇಕು. ಕ್ಯಾನಿಸ್ಟರ್ ಸಿಲಿಕೋನ್ ಉಂಗುರದೊಳಗೆ ತೂಗುತ್ತ ಹಿಂದೆ ಮುಂದೆ ಜಾರುವಂತಿರಬೇಕು. ಎರಡರ ನಡುವೆ ಟೆಫ್ಲಾನ್ ತೋಳನ್ನು ಹೋಸ್ ಕ್ಲಿಪ್‌ಗಳಿಂದ ಬಿಗಿಯುತ್ತೇನೆ. ತೋಳಿನೊಳಗೆ ಎರಡು ಲೋಹದ ತುದಿಗಳ ನಡುವೆ ಎರಡು ಮಿಲಿಮೀಟರಿಗಿಂತ ಹೆಚ್ಚು ಅಂತರ ಬಿಡುವುದಿಲ್ಲ, ಏಕೆಂದರೆ ಟೆಫ್ಲಾನ್ ತಾಳುವುದು ಸುಮಾರು 260 ಡಿಗ್ರಿಯವರೆಗೆ ಮಾತ್ರ. ಅಂತರ ದೊಡ್ಡದಾದರೆ ಬಿಸಿ ಹೊಗೆ ನೇರವಾಗಿ ಅದನ್ನೇ ಬಡಿಯುತ್ತದೆ.

ತಂಪಾಗಿಸುವ ವಿಷಯದಲ್ಲಿಯೂ ನನ್ನ ಮೊದಲ ಬುದ್ಧಿ ತಪ್ಪು ದಾರಿಯಲ್ಲೇ ಓಡಿತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸುರಂಗದ ಪಕ್ಕದ ಹೊದಿಕೆ ಹಾಳೆ ಸುಕ್ಕುಗಟ್ಟತೊಡಗಿದಾಗ, ಮೂತಿಯ ಗಾಳಿಕಿಂಡಿಗಳನ್ನು ದೊಡ್ಡದು ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ. ಹೊರಹೋಗುವ ದಾರಿ ಇಲ್ಲದಿದ್ದರೆ ಒಳಬಂದ ಗಾಳಿ ಎಂಜಿನ್ನನ್ನು ಮುಚ್ಚುವ ಕೌಲಿಂಗಿನಲ್ಲೇ ತುಂಬಿನಿಂತು, ಮುಂದೆ ಬರುವ ಗಾಳಿಯನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಆಮೇಲೆ ಮುಂದಿನ ಕಿಂಡಿಗಳನ್ನು ಮತ್ತೆ ಚಿಕ್ಕದು ಮಾಡಿ, ಹೊರಕಿಂಡಿಯನ್ನು ಅವುಗಳ ಒಟ್ಟು ವಿಸ್ತೀರ್ಣದ ಮೂರರಷ್ಟಕ್ಕೆ ಹಿಗ್ಗಿಸಿ, ಅದರ ಮುಂಗಡೆ ಒಂದು ಸಣ್ಣ ತುಟಿಯನ್ನು ಅಂಟಿಸಿದೆ. ಹಾರುವಾಗ ಆ ತುಟಿಯ ಹಿಂದೆ ಒತ್ತಡ ಇಳಿದು ಒಳಗಿನ ಬಿಸಿಗಾಳಿಯನ್ನು ಹೊರಕ್ಕೆ ಹೀರುತ್ತದೆ. ಗಾಳಿ ಸುಲಭದ ದಾರಿಯನ್ನೇ ಹುಡುಕುವುದರಿಂದ, ಅದು ಸಿಲಿಂಡರಿನ ಸುತ್ತ ಶಾಖ ಬಿಡಲೆಂದು ಇರುವ ಲೋಹದ ರೆಕ್ಕೆಗಳ ನಡುವೆಯೇ ನುಸುಳಿ ಹೋಗುವಂತೆ ತೆಳು ಪ್ಲೈವುಡ್ಡಿನ ತಡೆಗಳನ್ನಿಟ್ಟೆ. ಸುರಂಗದಲ್ಲಿ ಕ್ಯಾನಿಸ್ಟರಿನ ಸುತ್ತ ಒಂದು ಬೆರಳಿನಷ್ಟು ತೆರವು ಬಿಟ್ಟು, ಮರಕ್ಕೆ ಅಲ್ಯೂಮಿನಿಯಂ ಟೇಪ್ ಅಂಟಿಸಿ, ಹಿಂತುದಿಯನ್ನು ಪೂರ್ತಿ ತೆರೆದೆ.

ಅಳತೆಯ ಬಗ್ಗೆ ಒಂದು ಮಾತು ಹೇಳಬೇಕು. ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹೊಳೆಯುವ ಅಲ್ಯೂಮಿನಿಯಂ ಕಡೆಗೆ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ನಾನು ಒಂದು ಇಡೀ ಬೇಸಿಗೆ ಆ ಅಂಕಿಗಳನ್ನು ನಂಬಿ ನಿಶ್ಚಿಂತನಾಗಿದ್ದೆ. ಈಗ ಕ್ಯಾನಿಸ್ಟರಿನ ಮೇಲೆ ಶಾಖ ತಡೆಯುವ ಕಪ್ಪು ಬಣ್ಣದ ಒಂದು ಚುಕ್ಕಿ ಇಟ್ಟು, ಇಳಿದ ಕೂಡಲೇ ಅಲ್ಲಿಯೇ ಅಳೆಯುತ್ತೇನೆ.

ಮಳೆಗಾಲದಲ್ಲಿ ಬಯಲು ಕೆಸರಾಗಿ ಹಾರಾಟ ನಿಂತಾಗ ಎಲ್ಲವನ್ನೂ ಬಿಚ್ಚಿ ನೋಡುವುದು ರೂಢಿಯಾಗಿದೆ. ಕಳೆದ ಸಲ ಬಿಚ್ಚಿದಾಗ ಹೆಡರಿನ ಬೆಸುಗೆ ಸರಿಯಾಗಿತ್ತು, ತಂತಿಗಳು ಬಿಗಿಯಾಗಿದ್ದವು. ಟೆಫ್ಲಾನ್ ತೋಳಿನ ಒಳಗೆ ಮಾತ್ರ ಒಂದು ಕಂದು ಉಂಗುರ ಮೂಡಿತ್ತು. ಕ್ಯಾನಿಸ್ಟರ್ ಸ್ವಲ್ಪ ಹಿಂದಕ್ಕೆ ಜಾರಿ ಅಂತರ ನಾಲ್ಕು ಮಿಲಿಮೀಟರ್ ಆಗಿತ್ತು. ಹೊಸ ತೋಳು ಹಾಕಿ, ಕ್ಯಾನಿಸ್ಟರಿನ ಮೇಲೆ ಅದರ ಅಂಚು ಬರುವ ಜಾಗದಲ್ಲಿ ಒಂದು ಗೆರೆ ಗೀರಿದ್ದೇನೆ. ಮತ್ತೆ ಜಾರಿದರೆ ಬಿಚ್ಚದೆಯೇ ಕಾಣುತ್ತದೆ.