ಹಳೆ ಆಂಟಿವೈರಸ್ ತೆಗೆದು ಹೊಸದು ಹಾಕಿದ್ದು ಹೀಗೆ

ಹಾಸನದ ಒಂದು ಆಡಿಟರ್ ಆಫೀಸಿನ ಸಿಸ್ಟಮ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಡಿಜಿಟಲ್ ಸಹಿಯ ಟೋಕನ್, ಕಕ್ಷಿದಾರರ ಎಕ್ಸೆಲ್ ಶೀಟುಗಳು. ಅಲ್ಲಿ ನಡೆಯುವುದು ಇಷ್ಟೇ, ಆದರೆ ಒಂದು ದಿನವೂ ನಿಲ್ಲುವ ಹಾಗಿಲ್ಲ. ಹಳೆ ಆಂಟಿವೈರಸ್ ಸಿಸ್ಟಮ್‌ಗಳನ್ನು ತುಂಬಾ ನಿಧಾನ ಮಾಡಿತ್ತು. ಅದರ ಲೈಸೆನ್ಸ್ ಕೂಡ ಮುಗಿಯುತ್ತಾ ಬಂದಿತ್ತು. ಈ ಸಲ ಬೇರೆ ಕಂಪನಿಯದು ತಗೊಳ್ಳೋಣ ಎಂದು ಸರ್ ಹೇಳಿದರು. ಹೊಸದನ್ನು ಹಾಕುವುದು ಸುಲಭ. ಹಳೆಯದನ್ನು ಪೂರ್ತಿ ತೆಗೆಯುವುದೇ ಕೆಲಸ. ಅದಕ್ಕೂ ಮುಂಚೆ, ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ನೋಡುವುದು ಇನ್ನೂ ದೊಡ್ಡ ಕೆಲಸ.

ಲೈಸೆನ್ಸ್ ಮುಗಿಯುವ ತನಕ ಕಾಯಲಿಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಹಾಕಬೇಕು. ಆ ಗಡಿಬಿಡಿ ಮುಗಿದ ಮೇಲೆ, ಶನಿವಾರ ಮಧ್ಯಾಹ್ನದ ನಂತರ ಕೂತೆ. ಮೊದಲು ಒಂದೇ ಸಿಸ್ಟಮ್ ಬದಲಾಯಿಸಿ, ಅದರಲ್ಲಿ ಕೆಲವು ದಿನ ಕೆಲಸ ನಡೆದ ಮೇಲೆ ಉಳಿದವಕ್ಕೆ ಕೈ ಹಾಕಿದೆ.

ಹಳೆಯದು ಇರಲಿ, ಹೊಸದನ್ನೂ ಹಾಕಿ, ಎರಡಿದ್ದರೆ ಇನ್ನೂ ಒಳ್ಳೆಯದಲ್ವಾ ಎಂದು ಅಕೌಂಟೆಂಟ್ ಮೇಡಂ ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಆಂಟಿವೈರಸ್ ಬೇರೆ ಸಾಫ್ಟ್‌ವೇರ್‌ಗಳ ಹಾಗಲ್ಲ. ವಿಂಡೋಸ್‌ನ ತಳದಲ್ಲಿರುವ ಕರ್ನಲ್ ಒಳಗೆ ತನ್ನದೊಂದು ಫಿಲ್ಟರ್ ಡ್ರೈವರ್ ಕೂರಿಸುತ್ತದೆ. ಯಾವ ಫೈಲ್ ತೆರೆದರೂ ಮೊದಲು ಅದನ್ನು ಹಾದೇ ಬರಬೇಕು. ಎರಡು ಆಂಟಿವೈರಸ್ ಇದ್ದರೆ ಒಂದು ಓದುವ ಫೈಲನ್ನು ಇನ್ನೊಂದು ತಡೆದು ಪರೀಕ್ಷಿಸುತ್ತದೆ. ಸಿಸ್ಟಮ್ ನಿಧಾನವಾಗುತ್ತದೆ, ಕೆಲವೊಮ್ಮೆ ನೀಲಿ ಪರದೆ ಬಂದು ನಿಂತೇ ಹೋಗುತ್ತದೆ. ಕರ್ನಲ್‌ನಲ್ಲಿರುವ ಡ್ರೈವರ್ ಎಡವಿದರೆ ಏನಾಗುತ್ತದೆ ಎಂದು 2024ರ ಜುಲೈ 19ರಂದು ಜಗತ್ತೇ ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಲೆಕ್ಕದ ಪ್ರಕಾರ, ಸುಮಾರು 85 ಲಕ್ಷ ವಿಂಡೋಸ್ ಸಿಸ್ಟಮ್‌ಗಳು ಕೆಟ್ಟು ನಿಂತವು. ಹಾಗಾಗಿ ಒಂದು ಪೂರ್ತಿ ಹೋದ ಮೇಲೇ ಇನ್ನೊಂದು ಬರಬೇಕು.

ಹಾಗಾದರೆ ನಡುವೆ ವೈರಸ್ ಬಂದರೆ? ವಿಂಡೋಸ್ 10 ಮತ್ತು 11ರಲ್ಲಿ ಆ ಭಯ ಜಾಸ್ತಿ ಬೇಡ. ಬೇರೆ ಕಂಪನಿಯ ಆಂಟಿವೈರಸ್ ಬಂದಾಗ ಪಕ್ಕಕ್ಕೆ ಸರಿಯುವ ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್), ಅದು ಹೋದ ಮೇಲೆ ತಾನೇ ಎದ್ದು ಕೆಲಸ ಶುರು ಮಾಡುತ್ತದೆ. ಎದ್ದಿದೆಯಾ ಎಂದು ವಿಂಡೋಸ್ ಸೆಕ್ಯುರಿಟಿ ತೆರೆದು ಕಣ್ಣಾರೆ ನೋಡಿಕೊಳ್ಳಿ. ನಿಮ್ಮ ಆಫೀಸಿನ ಟ್ಯಾಲಿ ಡೇಟಾ ವಿಂಡೋಸ್ ಸರ್ವರ್‌ನಲ್ಲಿ ಇದ್ದರೆ ಮಾತ್ರ ಹುಷಾರು. ಅಲ್ಲಿ ಡಿಫೆಂಡರ್ ತಾನಾಗಿ ಸರಿಯುವುದಿಲ್ಲ, ನಾವೇ ಕೈಯಾರೆ ನಿಲ್ಲಿಸಬೇಕು.

ಈಗ ಹೊಟ್ಟೆಯೊಳಗಿನ ವಿಷಯ. ಹಳೆಯದರ ಕ್ವಾರಂಟೈನ್, ಅಂದರೆ ಅನುಮಾನದ ಫೈಲ್‌ಗಳನ್ನು ಬೇರೆ ಇಡುವ ಜಾಗ, ತೆರೆದು ನೋಡಿದೆ. ಒಬ್ಬ ಕಕ್ಷಿದಾರರ ಸಂಬಳದ ಎಕ್ಸೆಲ್ ಶೀಟು ಅಲ್ಲಿ ಸಿಕ್ಕಿಬಿದ್ದಿತ್ತು. ಅದರೊಳಗೆ ಮ್ಯಾಕ್ರೋ (ಶೀಟಿನೊಳಗೇ ನಡೆಯುವ ಸಣ್ಣ ಪ್ರೋಗ್ರಾಂ) ಇತ್ತು, ಅದಕ್ಕೇ ಹಿಡಿದಿರಬೇಕು. ಕ್ವಾರಂಟೈನ್‌ಗೆ ಹೋದ ಫೈಲ್ ಆ ಕಂಪನಿಯ ಬೀಗದೊಳಗೆ ಇರುತ್ತದೆ. ಸಾಫ್ಟ್‌ವೇರ್ ತೆಗೆದರೆ ಫೈಲೂ ಹೋದ ಹಾಗೆಯೇ. ಮೊದಲು ಅದನ್ನು ಒಂದು ಬೇರೆ ಫೋಲ್ಡರ್‌ಗೆ ಹೊರತೆಗೆದೆ. ಮ್ಯಾಕ್ರೋ ನಡೆಯದ ಹಾಗೆ ತೆರೆದು ನೋಡಿದೆ. ಆಮೇಲೆ ಡಿಫೆಂಡರ್‌ನಿಂದಲೂ ಸ್ಕ್ಯಾನ್ ಮಾಡಿಸಿದೆ. ಇಂಥ ಫೈಲನ್ನು ವೈರಸ್‌ಟೋಟಲ್ ಎಂಬ ಪರೀಕ್ಷಾ ಸೈಟಿಗೆ ಹಾಕಿ ನೋಡುವ ಅಭ್ಯಾಸ ಎಷ್ಟೋ ಜನಕ್ಕಿದೆ. ಪ್ಯಾನ್ ನಂಬರ್, ಸಂಬಳ ಇರುವ ಫೈಲನ್ನು ದಯವಿಟ್ಟು ಹಾಗೆ ಹಾಕಬೇಡಿ. ಅಲ್ಲಿ ಹಾಕಿದ ಫೈಲ್ ಬೇರೆ ಭದ್ರತಾ ಕಂಪನಿಗಳ ಕೈಗೂ ಹೋಗುತ್ತದೆ. ಜನ ನಮ್ಮನ್ನು ನಂಬಿ ಕೊಟ್ಟ ಕಾಗದ ಅದು.

ಸರ್ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಇತ್ತು. ಹಳೆ ಆಂಟಿವೈರಸ್‌ನ ವಾಲ್ಟ್ (ಬೀಗದ ಪೆಟ್ಟಿಗೆಯಂಥ ಫೋಲ್ಡರ್) ಒಳಗೆ ಅವರು ಮನೆಯ ದಾಖಲೆಗಳನ್ನು ಇಟ್ಟಿದ್ದರು. ಇಂಥ ವಾಲ್ಟ್ ತೆರೆಯಲು ಅದೇ ಸಾಫ್ಟ್‌ವೇರ್ ಬೇಕು. ತೆಗೆದ ಮೇಲೆ ಫೈಲ್ ಡಿಸ್ಕ್‌ನಲ್ಲಿ ಇದ್ದರೂ ಓದಲು ಬರುವುದಿಲ್ಲ. ಎಲ್ಲವನ್ನೂ ಹೊರತೆಗೆಸಿ, ಅವರೇ ಒಂದೊಂದಾಗಿ ತೆರೆದು ನೋಡಿದ ಮೇಲೇ ಮುಂದೆ ಹೋದೆ. ಅದರ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿದ್ದ ಪಾಸ್‌ವರ್ಡ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿದೆ. ಆ ಸಿಎಸ್‌ವಿ ಫೈಲನ್ನು ಯಾರು ಬೇಕಾದರೂ ಓದಬಹುದು. ಹೊಸ ಜಾಗಕ್ಕೆ ಸೇರಿಸಿದ ತಕ್ಷಣ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಟ್ಯಾಲಿ ಡೇಟಾ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಡಿಸ್ಕ್ ಕಳಚಿಟ್ಟೆ. ಹೊಸದರ ಪೂರ್ತಿ ಇನ್‌ಸ್ಟಾಲರ್, ಹಳೆ ಕಂಪನಿಯೇ ಕೊಡುವ ರಿಮೂವಲ್ ಟೂಲ್, ಎರಡನ್ನೂ ಆಯಾ ಕಂಪನಿಯ ಸೈಟಿನಿಂದಲೇ ಇಳಿಸಿಕೊಂಡೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಡಿಜಿಟಲ್ ಸಿಗ್ನೇಚರ್ ಕಾಣುತ್ತದೆ. ಅಲ್ಲಿ ಆ ಕಂಪನಿಯ ಹೆಸರೇ ಇರಬೇಕು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನೂ ಬರೆದಿಟ್ಟುಕೊಂಡೆ. ವಿಂಡೋಸ್ ತೀರಾ ಬೇಕಾದ ಡ್ರೈವರ್‌ಗಳೊಂದಿಗೆ ಮಾತ್ರ ಏಳುವ ಸೇಫ್ ಮೋಡ್‌ಗೆ ಹೋಗುವಾಗ ಅದನ್ನು ಕೇಳುವ ಸಾಧ್ಯತೆ ಇದೆ. ಆಗ ಹುಡುಕಲು ಹೋದರೆ ಕಷ್ಟ.

ಹೊಸ ಇನ್‌ಸ್ಟಾಲರ್‌ಗಳಲ್ಲಿ ಕೆಲವು, ಹಳೆಯದನ್ನು ನಾನೇ ತೆಗೆಯಲಾ ಎಂದು ಕೇಳುತ್ತವೆ. ನಾನು ಒಪ್ಪುವುದಿಲ್ಲ. ಹಳೆಯದರ ಸೆಲ್ಫ್ ಪ್ರೊಟೆಕ್ಷನ್ (ತನ್ನನ್ನು ಯಾರೂ ಮುಟ್ಟದಂತೆ ಕಾಯುವ ಸೆಟ್ಟಿಂಗ್) ಆಫ್ ಮಾಡಿ, ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಅನ್‌ಇನ್‌ಸ್ಟಾಲ್ ಕೊಟ್ಟೆ. ಆಮೇಲೆ ರೀಸ್ಟಾರ್ಟ್. ಇಲ್ಲಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್‌ನಲ್ಲಿ ಕರ್ನಲ್‌ನ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಅದೇ ಮತ್ತೆ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾತ್ರ ಹೊಸದಾಗಿ ಶುರು ಮಾಡುತ್ತದೆ. ನಂತರ ರಿಮೂವಲ್ ಟೂಲ್ ಓಡಿಸಿ, ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದೆ. ವಿಂಡೋಸ್‌ನ ಸೆಟ್ಟಿಂಗ್‌ಗಳ ಪಟ್ಟಿಯನ್ನು ಗುಡಿಸುವ ರಿಜಿಸ್ಟ್ರಿ ಕ್ಲೀನರ್‌ಗಳನ್ನು ಮುಟ್ಟಲಿಲ್ಲ.

ಪಟ್ಟಿಯಿಂದ ಹೆಸರು ಹೋಯಿತು ಎಂದರೆ ಡ್ರೈವರ್ ಹೋಯಿತು ಎಂದಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಫ್‌ಎಲ್‌ಟಿಎಂಸಿ (fltmc) ಎಂದು ಟೈಪ್ ಮಾಡಿ. ಫಿಲ್ಟರ್ ಡ್ರೈವರ್‌ಗಳೆಲ್ಲ ತಮ್ಮ ತಮ್ಮ ಸಂಖ್ಯೆಯೊಂದಿಗೆ ಕಾಣುತ್ತವೆ. ಮೈಕ್ರೋಸಾಫ್ಟ್ ಆಂಟಿವೈರಸ್‌ಗಳಿಗೆ ಕೊಟ್ಟಿರುವುದು 320000ದಿಂದ 330000ದ ಒಳಗಿನ ಜಾಗ. ಡಿಫೆಂಡರ್‌ನ ಡಬ್ಲ್ಯುಡಿಫಿಲ್ಟರ್ 328010ರಲ್ಲಿ ಇರುತ್ತದೆ. ಈ ಜಾಗದಲ್ಲಿ ಬೇರೆ ಹೆಸರು ಇಲ್ಲದಿದ್ದರೆ ಮುಂದೆ ಹೋಗಬಹುದು. ಒಂದು ಸಿಸ್ಟಮ್‌ನಲ್ಲಿ ಹಳೆಯದರ ಹೆಸರು ಇನ್ನೂ ಕೂತಿತ್ತು. ಸೇಫ್ ಮೋಡ್‌ನಲ್ಲಿ ರಿಮೂವಲ್ ಟೂಲ್ ಓಡಿಸಿದ ಮೇಲೆ ಹೋಯಿತು. ಬ್ರೌಸರ್ ಎಕ್ಸ್‌ಟೆನ್ಶನ್ ಕೂಡ ತೆಗೆದೆ. ಬೀಗದ ಗುರುತಿನ ಎಚ್‌ಟಿಟಿಪಿಎಸ್ ಸೈಟುಗಳನ್ನೂ ಸ್ಕ್ಯಾನ್ ಮಾಡಲು ಹಳೆ ಆಂಟಿವೈರಸ್ ಹಾಕಿದ್ದ ರೂಟ್ ಸರ್ಟಿಫಿಕೇಟ್ ಉಳಿದಿದೆಯಾ ಎಂದೂ ನೋಡಿದೆ.

ಹೊಸದನ್ನು ಹಾಕುವಾಗ ಜೊತೆಗೆ ತಗಲಿಕೊಂಡು ಬರುವ ಬ್ರೌಸರ್, ವಿಪಿಎನ್ ಟಿಕ್‌ಗಳನ್ನು ತೆಗೆದೆ. ರೀಸ್ಟಾರ್ಟ್, ಅಪ್‌ಡೇಟ್, ಆಮೇಲೆ ಐಕಾರ್ ಪರೀಕ್ಷಾ ಫೈಲ್. ಅದು 68 ಅಕ್ಷರಗಳ ಒಂದು ಸಾಲು, ಏನೂ ಹಾನಿ ಮಾಡುವುದಿಲ್ಲ. ಆಂಟಿವೈರಸ್ ಎಚ್ಚರವಾಗಿದ್ದರೆ ಅದನ್ನು ತಕ್ಷಣ ಹಿಡಿಯುತ್ತದೆ. ಫುಲ್ ಸ್ಕ್ಯಾನ್ ರಾತ್ರಿಗೆ ಬಿಟ್ಟೆ.

ಸೋಮವಾರ, ಹಲವರು ಒಟ್ಟಿಗೆ ಬಳಸುವ ಮಲ್ಟಿಯೂಸರ್ ಟ್ಯಾಲಿ, ಲೈಸೆನ್ಸ್ ಕಾಣುತ್ತಿಲ್ಲ ಎಂದಿತು. ಹೊಸ ಫೈರ್‌ವಾಲ್ ಆಫೀಸಿನ ನೆಟ್‌ವರ್ಕನ್ನು ಪಬ್ಲಿಕ್ ಎಂದುಕೊಂಡಿತ್ತು. ಪ್ರೈವೇಟ್ ಮಾಡಿ, ಟ್ಯಾಲಿ ಲೈಸೆನ್ಸ್ ಬಳಸುವ 9999ನೇ ಪೋರ್ಟ್‌ಗೆ ದಾರಿ ಬಿಟ್ಟೆ. ಅದೇ ಕಾರಣಕ್ಕೆ ನಿಂತಿದ್ದ ಪ್ರಿಂಟರ್ ಕೂಡ ಸರಿಹೋಯಿತು. ಜಿಎಸ್‌ಟಿ ಸೈಟಿನಲ್ಲಿ ಡಿಜಿಟಲ್ ಸಹಿ ಹಾಕಿಸುವ ಎಂಸೈನರ್ ಸಾಫ್ಟ್‌ವೇರ್ ಟೋಕನ್ ಓದುತ್ತದೆಯಾ ಎಂದೂ ಆವತ್ತೇ ನೋಡಿಕೊಂಡೆ.

ಹಳೆಯದರಲ್ಲಿ ಯಾರೋ ಡಿ ಡ್ರೈವ್ ಪೂರ್ತಿ ಸ್ಕ್ಯಾನ್‌ನಿಂದ ಹೊರಗಿಟ್ಟಿದ್ದರು. ಹೊಸದಕ್ಕೆ ಅದನ್ನು ತರಲಿಲ್ಲ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದರೆ ಮೊದಲು ಹುಡುಕುವುದೇ ಅಲ್ಲಿರುವ ಡೇಟಾವನ್ನು. ಸ್ವಲ್ಪ ನಿಧಾನವಾದರೂ ಸರಿ ಎಂದು ಸರ್‌ಗೆ ಹೇಳಿದೆ, ಅವರೂ ಒಪ್ಪಿದರು.

ಕೊನೆಗೆ ಹಳೆ ಕಂಪನಿಯ ಅಕೌಂಟ್‌ಗೆ ಹೋಗಿ ಆಟೋ ರಿನ್ಯೂವಲ್ ನಿಲ್ಲಿಸಿ, ಕಾರ್ಡ್ ತೆಗೆದೆ. ಸಾಫ್ಟ್‌ವೇರ್ ತೆಗೆದರೂ ದುಡ್ಡು ಕಟ್ ಆಗುವುದು ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಕನಿಷ್ಠ 24 ಗಂಟೆ ಮುಂಚೆ ಮೆಸೇಜ್ ಬರುತ್ತದೆ ನಿಜ. ಆದರೆ ರಿಟರ್ನ್ ಗಡಿಬಿಡಿಯಲ್ಲಿ ಆ ಮೆಸೇಜ್ ಯಾರು ನೋಡುತ್ತಾರೆ? ಸರ್ ಕಾರ್ಡಿನ ಬ್ಯಾಂಕ್ ಆ್ಯಪ್‌ನಲ್ಲಿಯೂ ಆ ಮ್ಯಾಂಡೇಟನ್ನು (ತಾನಾಗಿ ದುಡ್ಡು ಕಟ್ ಮಾಡಲು ಕೊಟ್ಟ ಒಪ್ಪಿಗೆ) ಅವರ ಕೈಯಿಂದಲೇ ರದ್ದು ಮಾಡಿಸಿದೆ.