ಹಳೆಯ ಸಣ್ಣ ಕಾರು ಸ್ಟಾರ್ಟ್ ಆಗದಿದ್ದಾಗ ಮೊದಲು ನೋಡಬೇಕಾದದ್ದು

ಕೀಲಿ ತಿರುಗಿಸಿದಾಗ ‘ಟಕ್ ಟಕ್’ ಎಂಬ ಸದ್ದಷ್ಟೇ ಬಂದು ಎಂಜಿನ್ ತಿರುಗದಿದ್ದರೆ ಹಲವರು ಕೂಡಲೇ ಹೊಸ ಬ್ಯಾಟರಿ ಕೊಳ್ಳುತ್ತಾರೆ. ಆದರೆ ಹಳೆಯ ಕಾರುಗಳಲ್ಲಿ ದೋಷವು ಎಷ್ಟೋ ಸಲ ಬ್ಯಾಟರಿಯಲ್ಲಿರದೆ ಅದರ ಟರ್ಮಿನಲ್‌ಗಳಲ್ಲೋ (ತಂತಿ ಜೋಡಿಸುವ ತುದಿಗಳು) ಅರ್ಥ್ ತಂತಿಯಲ್ಲೋ (ಬ್ಯಾಟರಿಯ ನೆಗೆಟಿವ್ ತುದಿಯನ್ನು ಎಂಜಿನ್ ಮತ್ತು ಕಾರಿನ ಲೋಹಕ್ಕೆ ಜೋಡಿಸುವ ತಂತಿ) ಇರುತ್ತದೆ. ಆದ್ದರಿಂದ ಮೊದಲು ವೋಲ್ಟ್ ಅಳೆಯುವ ಸಾಧನವಾದ ಮಲ್ಟಿಮೀಟರ್‌ನಿಂದ ಬ್ಯಾಟರಿಯನ್ನು ಅಳೆಯಿರಿ. ಕೆಲವು ಗಂಟೆ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ಪೂರ್ತಿ ಚಾರ್ಜ್ ಆಗಿದೆ, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿದ ಮೇಲಷ್ಟೇ ಮುಂದುವರಿಯಿರಿ.

ಟರ್ಮಿನಲ್‌ಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಕೈಗವಸು ಧರಿಸಿ, ಮೊದಲು ನೆಗೆಟಿವ್ ತಂತಿಯನ್ನೂ ಅನಂತರ ಪಾಸಿಟಿವ್ ತಂತಿಯನ್ನೂ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಹೊಳಪು ಬರುವವರೆಗೆ ಉಜ್ಜಿರಿ. ಮರಳಿ ಜೋಡಿಸುವಾಗ ನೆಗೆಟಿವ್ ಕೊನೆಯದು. ಈ ಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ, ಏಕೆಂದರೆ ನೆಗೆಟಿವ್ ಜೋಡಿಸಿರುವಾಗ ಪಾಸಿಟಿವ್‌ ಮೇಲಿನ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಇಷ್ಟಾದರೂ ಎಂಜಿನ್ ತಿರುಗದಿದ್ದರೆ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು, ಇನ್ನೊಬ್ಬರಿಗೆ ಕೀಲಿ ತಿರುಗಿಸಲು ಹೇಳಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ಥ್ ತಂತಿ ಸವೆದಿದೆ ಅಥವಾ ಅದರ ಬೋಲ್ಟ್ ತುಕ್ಕು ಹಿಡಿದಿದೆ. ಅಗ್ಗದ ಈ ತಂತಿಯನ್ನು ಬದಲಿಸದೆ, ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟರ್ ಬಿಚ್ಚುವುದು ವ್ಯರ್ಥ ಶ್ರಮ.

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಬರದಿದ್ದರೆ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಮತ್ತು ಅದರ ಬೆಲ್ಟನ್ನು ಪರೀಕ್ಷಿಸಿರಿ.