ಅಡ್ಮಿಟ್ ಆದ ಕೂಸಿನ ಕಣ್ಣಾಗ ಕೀವು: ಯಾವ ಬ್ಯಾಕ್ಟೀರಿಯಾ ಅಂತ ಹೆಂಗ ಹುಡುಕ್ತಾರ?

ಮನ್ಯಾಗ ಆಡೋ ಹುಡುಗ್ರಿಗೆ ಕಣ್ಣು ಬಂದ್ರ ಬಹಳ ಸಲ ವೈರಸ್ ಇರ್ತದ, ಇಲ್ಲಂದ್ರ ಹಿಮೋಫಿಲಸ್, ನ್ಯುಮೋಕಾಕಸ್ ಇಂಥ ಬ್ಯಾಕ್ಟೀರಿಯಾ. ಆದ್ರ ಎನ್‌ಐಸಿಯುದಾಗ (ಹಸುಗೂಸುಗಳ ತೀವ್ರ ನಿಗಾ ವಾರ್ಡ್) ಮಲಗಿರೋ ದಿನ ತುಂಬದ ಕೂಸು, ವೆಂಟಿಲೇಟರ್ ಮ್ಯಾಲಿರೋ ಮಗು, ಇವ್ರ ಕಣ್ಣು ಕೆಲವೊಮ್ಮೆ ಪೂರ್ತಿ ಮುಚ್ಚಂಗಿಲ್ಲ, ಕಫ ಸಕ್ಷನ್ ಮಾಡುವಾಗ ಕಣ್ಣಿಗೆ ಸಿಡಿಬಹುದು, ಹಿಂಗಾಗಿ ಸ್ಯೂಡೋಮೊನಾಸ್, ಕ್ಲೆಬ್ಸಿಯೆಲ್ಲಾ, ಸ್ಟ್ಯಾಫ್ ಆರಿಯಸ್ ಇಂಥ ಬ್ಯಾಕ್ಟೀರಿಯಾ ಸೇರ್ಕೊತಾವ, ಅಂದಾಜಿನ ಮ್ಯಾಲ ಹಾಕಿದ ಡ್ರಾಪ್ಸ್ ಇವುಕ್ಕ ನಾಟದೇ ಇರಬಹುದು. ಸ್ಯೂಡೋಮೊನಾಸ್ ಕಾರ್ನಿಯಾಕ್ಕ (ಕರಿಗುಡ್ಡಿ ಮ್ಯಾಲಿನ ಪಾರದರ್ಶಕ ಪದರ) ಹೊಕ್ರ ಒಂದೆರಡು ದಿನದಾಗ ಅಲ್ಲಿ ತೂತು ಬೀಳಬಹುದು.

ಮೊದ್ಲನೇ ಕೆಲಸ, ಆಂಟಿಬಯಾಟಿಕ್ ಡ್ರಾಪ್ಸ್ ಹಾಕೋಕಿಂತ ಮುಂಚೆನೇ ಸ್ವಾಬ್ (ಹತ್ತಿ ಸುತ್ತಿದ ಕಡ್ಡಿಲೆ ಕೀವಿನ ಸ್ಯಾಂಪಲ್) ತೆಗೀಬೇಕು. ಇದೊಂದು ತಪ್ಪಿದ್ರ ಮುಂದಿಂದೆಲ್ಲಾ ಕೆಡ್ತದ, ಲ್ಯಾಬಿನಾಗ ಬ್ಯಾಕ್ಟೀರಿಯಾ ಬೆಳೆಸೋ ಪ್ಲೇಟಿನಾಗ ಏನೂ ಬೆಳೀದೆ 'ನೋ ಗ್ರೋತ್' ಅಂತ ರಿಪೋರ್ಟ್ ಬರಬಹುದು, ಕಣ್ಣಾಗ ಕೀವು ಮಾತ್ರ ಹಂಗೇ ಇರ್ತದ. ತಾಯಂದ್ರೇ, ಕಾಡಿಗಿ, ಔಡಲೆಣ್ಣಿ, ಎದಿಹಾಲು ಏನರೆ ಹಾಕಿದ್ರ ಸಿಸ್ಟರ್‌ಗೆ ಹೇಳ್ರಿ, ಬೈತಾರಂತ ಮುಚ್ಚಿಡಬ್ಯಾಡ್ರಿ.

ಒಣಗಿದ ಪಿಚ್ಚು ಸಲೈನ್‌ಲೆ ಒರೆಸಿ, ಕೆಳಗಿನ ರೆಪ್ಪಿ ಜಗ್ಗಿ, ಸಲೈನ್‌ನಾಗ ತೋಯಿಸಿದ ಸ್ಟೆರೈಲ್ ಸ್ವಾಬ್ ಒಳಮೈ ಮ್ಯಾಲ ಮೆಲ್ಲಕ ಹೊರಳಿಸ್ಬೇಕು. ರೆಪ್ಪಿಗೂದಲಿಗೆ, ಚರ್ಮಕ್ಕ ತಾಗಬಾರ್ದು, ಅಲ್ಲಿ ಬ್ಯಾರೆ ಬ್ಯಾಕ್ಟೀರಿಯಾ ಇರ್ತಾವ. ಎಡಗಣ್ಣಿಗೊಂದು ಬಲಗಣ್ಣಿಗೊಂದು ಸ್ವಾಬ್. ಕರಿಗುಡ್ಡಿ ಮ್ಯಾಲ ಬಿಳಿ ಚುಕ್ಕಿ ಕಂಡ್ರ ಸ್ವಾಬ್ ಸಾಲಂಗಿಲ್ಲ, ಕಣ್ಣಿನ ಡಾಕ್ಟರೇ ಬಂದು ಕೆರೆದು ತೆಗೀಬೇಕು.

ಇನ್ನ ಲ್ಯಾಬಿಗೆ ಮುಟ್ಟಿಸೋದು, ನಮ್ಮ ಕಡಿ ಇದೇ ಭಾಳ ಕಷ್ಟದ್ದು. ಚಿಂಚೋಳಿಯಿಂದ ಕಲಬುರಗಿಯ ಸರ್ಕಾರಿ ಆಸ್ಪತ್ರಿ ಜಿಮ್ಸ್‌ಗೆ, ಔರಾದದಿಂದ ಬೀದರದ ಸರ್ಕಾರಿ ಆಸ್ಪತ್ರಿ ಬ್ರಿಮ್ಸ್‌ಗೆ ಮೇ ತಿಂಗಳ 42 ಡಿಗ್ರಿ ಬಿಸಿಲಾಗ ಒಣ ಸ್ವಾಬ್ ಕಳಿಸಿದ್ರ ದಾರ್ಯಾಗೇ ಬ್ಯಾಕ್ಟೀರಿಯಾ ಸಾಯ್ತಾವ. ಏಮೀಸ್ ಟ್ರಾನ್ಸ್‌ಪೋರ್ಟ್ ಮೀಡಿಯಂನಾಗ (ದಾರ್ಯಾಗ ಬ್ಯಾಕ್ಟೀರಿಯಾ ಜೀವಂತ ಇಡೋ ಜೆಲ್) ಹಾಕಿ, ನೆರಳಾಗ ಇಟ್ಕೊಂಡು, ಆದಷ್ಟು 2 ತಾಸಿನಾಗ ಮುಟ್ಟಿಸ್ರಿ. ಫ್ರಿಜ್‌ನಾಗೂ ಇಡಬ್ಯಾಡ್ರಿ, ಗೊನೊಕಾಕಸ್ (ಹೆರಿಗ್ಯಾಗ ತಾಯಿಯಿಂದ ಕೂಸಿಗೆ ಬರೋ ಬ್ಯಾಕ್ಟೀರಿಯಾ), ಹಿಮೋಫಿಲಸ್ ಥಂಡಿಗೂ ಸಾಯ್ತಾವ. ಫಾರ್ಮ್ ಮ್ಯಾಲ ಕೂಸಿನ ವಯಸ್ಸು, ಎಷ್ಟು ದಿನದಿಂದ ಅಡ್ಮಿಟ್ ಅದ, ಯಾವ ಔಷಧ ನಡೆದದ, ಎಲ್ಲಾ ಬರೀಬೇಕು.

ಲ್ಯಾಬಿನಾಗ ಮೊದಲು ಗ್ರಾಮ್ ಸ್ಟೇನ್, ಅಂದ್ರ ಬಣ್ಣ ಹಾಕಿ ಮೈಕ್ರೋಸ್ಕೋಪಿನಾಗ ನೋಡೋದು. ನೇರಳೆ ಬಣ್ಣದ್ದು ದ್ರಾಕ್ಷಿ ಗೊಂಚಲಿನಂಗ ಕಂಡ್ರ ಸ್ಟ್ಯಾಫ್, ಜೋಡಿಜೋಡಿ ಇದ್ರ ನ್ಯುಮೋಕಾಕಸ್ ಇರಬಹುದು, ಗುಲಾಬಿ ಕಡ್ಡಿ ಕಂಡ್ರ ಸ್ಯೂಡೋಮೊನಾಸ್ ಅಥವಾ ಕ್ಲೆಬ್ಸಿಯೆಲ್ಲಾ ಇರಬಹುದು. ಹುಟ್ಟಿ 2ರಿಂದ 5 ದಿನದ ಕೂಸಿಗೆ ರೆಪ್ಪಿ ಬಾತು, ಧಾರಾಕಾರ ಕೀವು ಬಂದು, ಕೀವಿನ ಕೋಶದ ಒಳಗೇ ಗುಲಾಬಿ ಜೋಡಿ ಕಂಡ್ರ ಗೊನೊಕಾಕಸ್ ಅಂತ ಹಿಡಿದು ಕಲ್ಚರ್ (ಪ್ಲೇಟಿನಾಗ ಬೆಳೆಸಿ ನೋಡೋದು) ಕಾಯದೇ ಇಂಜೆಕ್ಷನ್ ಶುರು ಮಾಡ್ತಾರ.

ಜೊತೀಗೇ ಬ್ಲಡ್ ಅಗಾರ್, ಚಾಕೊಲೇಟ್ ಅಗಾರ್, ಮ್ಯಾಕಾಂಕಿ ಅನ್ನೋ ಬ್ಯಾಕ್ಟೀರಿಯಾ ಬೆಳೆಸೋ ಪ್ಲೇಟಿಗೆ ಸ್ವಾಬ್ ಹಚ್ಚಿ 35ರಿಂದ 37 ಡಿಗ್ರಿಯೊಳಗ ಇಡ್ತಾರ, ಮರುದಿನ ನೋಡ್ತಾರ, ಬೆಳೀದಿದ್ರ 48 ತಾಸು. ಬೆಳೆದದ್ದಕ್ಕ ಕೊಯಾಗ್ಯುಲೇಸ್ ಅನ್ನೋ ಟೆಸ್ಟ್ ಪಾಸಿಟಿವ್ ಆದ್ರ ಸ್ಟ್ಯಾಫ್ ಆರಿಯಸ್, ಹಸಿರು ಬಣ್ಣ ಬಿಟ್ಟು ಆಕ್ಸಿಡೇಸ್ ಟೆಸ್ಟ್ ಪಾಸಿಟಿವ್ ಬಂದ್ರ ಸ್ಯೂಡೋಮೊನಾಸ್. ಕೊಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫ್ ಬೆಳೆದ್ರ ದುಡುಕಬಾರ್ದು, ಅದು ಆರೋಗ್ಯದ ಕಣ್ಣಾಗೂ ಇರ್ತದ. ಹೆರಿಗ್ಯಾಗ ತಾಯಿಯಿಂದ ಕೂಸಿಗೆ ಬರೋ ಇನ್ನೊಂದು ಬ್ಯಾಕ್ಟೀರಿಯಾ ಕ್ಲಾಮಿಡಿಯಾ ಈ ಪ್ಲೇಟಿನಾಗ ಬೆಳೆಯಂಗೇ ಇಲ್ಲ, 5ರಿಂದ 14 ದಿನದ ಕೂಸಿಗೆ ಅನುಮಾನ ಇದ್ರ ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕೋ ಟೆಸ್ಟ್) ಬೇಕು, ಅಪ್ಪ ಅವ್ವಗೂ ಚಿಕಿತ್ಸೆ ಬೇಕು.

ಕಡೀಗೆ ಬೆಳೆದ ಬ್ಯಾಕ್ಟೀರಿಯಾ ಮ್ಯಾಲ ಔಷಧದ ಡಿಸ್ಕ್ (ಔಷಧ ಹೀರಿದ ಸಣ್ಣ ಕಾಗದದ ಬಿಲ್ಲೆ) ಇಟ್ಟು ಯಾವುದು ನಾಟ್ತದ ನೋಡ್ತಾರ, ಅದಕ್ಕ ಇನ್ನೊಂದು ದಿನ. ಅಷ್ಟ್ರಾಗ ಕೂಸಿನ್ನ ಹೈದ್ರಾಬಾದಿಗೋ ಸೊಲ್ಲಾಪುರಕ್ಕೋ ಶಿಫ್ಟ್ ಮಾಡಿದ್ರ ಕಲ್ಚರ್ ರಿಪೋರ್ಟ್ ಕೇಳಿ ವಾಟ್ಸಾಪ್‌ನಾಗಾದ್ರೂ ತರಿಸ್ಕೋರಿ, ಅಲ್ಲಿ ಡ್ರಾಪ್ಸ್ ನಡೆದಮ್ಯಾಲ ತೆಗೆದ ಸ್ವಾಬ್‌ನಾಗ ಇದು ಮತ್ತ ಸಿಗೋದು ಕಷ್ಟ.